ಇಂಗಿನ ವಾಸನೆಯ ಚಿನ್ನ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ನಿಂತೋರೂ ಬನ್ನಿ. ಇದು ಓಡೋ ಕಥೆ. ನಡುವೆ ಎದ್ದು ಹೋದಿರೋ, ಚಿನ್ನ ಯಾರ ಮನೆಯಿಂದ ಯಾರ ಮನೆಗೆ ಹೋಯ್ತು ಅನ್ನೋದು ತಪ್ಪಿಹೋಗುತ್ತೆ.

ಕೆಂದಾವರೆ ಅಂತ ಒಂದು ರಾಜ್ಯ ಇತ್ತು. ದೊಡ್ಡದೇನಲ್ಲ. ಬೆಳಗ್ಗೆ ಈ ಗಡಿಯಿಂದ ಎತ್ತಿನ ಗಾಡಿ ಹೊರಟರೆ ಸಂಜೆಗೆ ಆ ಗಡಿ ಮುಟ್ಟುತ್ತಿತ್ತು. ಆದರೆ ಅದಕ್ಕೆ ಮೂರು ಆಸ್ತಿ ಇದ್ದವು. ಹೊಳೆ ದಾಟೋಕೆ ಒಂದು ಕಡವು. ಊರ ನಡುವೆ ಒಂದು ಹತ್ತಿ ಸಂತೆ. ಊರ ತಲೆಯ ಮೇಲೆ ಒಂದು ದೊಡ್ಡ ಕೆರೆ. ಕಡವಿನ ದುಡ್ಡಲ್ಲಿ ರಸ್ತೆ ದುರಸ್ತಿ ಆಗ್ತಿತ್ತು. ಸಂತೆಯ ಸುಂಕದಲ್ಲಿ ಆಳುಕಾಳುಗಳಿಗೆ ಸಂಬಳ ಸಿಗ್ತಿತ್ತು. ಕೆರೆಯ ನೀರಲ್ಲಿ ಭತ್ತ ಬೆಳೀತಿತ್ತು. ಹೀಗೆ ಸುಖವಾಗಿತ್ತು ಕೆಂದಾವರೆ.

ಅಲ್ಲಿಯ ದೊರೆ ಬಸವಂತ. ಒಳ್ಳೆಯವನೇ. ಬಡವರನ್ನ ಕಂಡರೆ ಕರಗೋನು, ಸುಳ್ಳು ಹೇಳದೋನು. ಆದರೆ ಅವನಿಗೊಂದು ಹುಚ್ಚು. ಹೊಗಳಿಕೆ ಅಂದರೆ ಪ್ರಾಣ. ಯಾರಾದರೂ ‘ನಿಮ್ಮಂಥೋರು ಇನ್ನೊಬ್ಬರಿಲ್ಲ’ ಅಂದರೆ ಸಾಕು, ಕೊರಳಲ್ಲಿದ್ದ ಹಾರ ತೆಗೆದು ಅವರ ಕೈಗೆ ಹಾಕಿಬಿಡೋನು.

ಅವನ ರಾಣಿ ಚಂದವ್ವ. ಅವಳು ಮಾತು ಕಮ್ಮಿ, ನೋಡೋದು ಜಾಸ್ತಿ. ಕೊಟ್ಟದ್ದು ಎಲ್ಲಿಗೆ ಹೋಯ್ತು, ಹೋದದ್ದು ಏನಾಯ್ತು ಅಂತ ಕೇಳೋದು ಅವಳ ಅಭ್ಯಾಸ. ಹಬ್ಬಕ್ಕೆ ಹಂಚಿದ ಸೀರೆ ಉಟ್ಟಿದ್ದಾರಾ ಅಂತ ಕೇರಿಗೆ ಹೋಗಿ ನೋಡಿಕೊಂಡು ಬರೋಳು.

ಹೊಳೆಯಾಚೆ ಇನ್ನೊಂದು ಸೀಮೆ, ಮುಳ್ಳುಗುಡ್ಡ. ಅದನ್ನ ಆಳೋನು ಮುದುಕ ಓಬಳ ನಾಯಕ. ಬರೀ ಕಲ್ಲು, ಬರೀ ಬಿಸಿಲು. ಅಲ್ಲಿಯ ಹೆಂಗಸರು ಕೊಡ ಹೊತ್ತು ಎರಡು ಗುಡ್ಡ ದಾಟಿ ನೀರು ತರ್ತಿದ್ದರು.

ಇವೆರಡರ ಆಚೆ ಮೂರನೆಯದು, ಸುವರ್ಣಪಟ್ಟಣ. ವ್ಯಾಪಾರಿಗಳ ಊರು. ಅಲ್ಲಿ ರಾಜನಿಲ್ಲ. ಖಜಾನೆಯ ಬೀಗದ ಕೈ ಇಟ್ಟುಕೊಂಡ ಭಂಡಾರಿ ಮಾದರಸನೇ ಎಲ್ಲ. ಜೇನಿನಂಥ ಮಾತು ಅವನದು. ಅವನು ಯಾರಿಗೂ ಇಲ್ಲ ಅಂದದ್ದಿಲ್ಲ. ಆದರೆ ಅವನು ಕೊಟ್ಟದ್ದು ಅವನ ಮನೆಗೆ ವಾಪಸ್ ಬರದೆ ಇದ್ದದ್ದೂ ಇಲ್ಲ.

ಒಂದು ಬೇಸಿಗೆಯಲ್ಲಿ ಓಬಳ ನಾಯಕ ಕೆಂದಾವರೆಗೆ ಆಳು ಕಳಿಸಿದ. ‘ಈ ಸಲ ನೀರಿನ ಊಟೆಗಳೂ ಬತ್ತಿವೆ. ನಮಗೊಂದು ಕೆರೆ ಕಟ್ಟಿಕೊಳ್ಳೋಕೆ ಏನಾದರೂ ನೆರವಾಗಿ’ ಅಂತ. ಅವತ್ತು ಭಂಡಾರಿ ಮಾದರಸನೂ ದರ್ಬಾರಿಗೆ ಅತಿಥಿಯಾಗಿ ಬಂದು ಕೂತಿದ್ದ.

ಬಸವಂತ ದೊರೆಗೆ ಮರುಕ ಬಂತು. “ಕೊಡಬೇಕು ಅನ್ನೋ ಮನಸ್ಸಿದೆ. ಆದರೆ ಖಜಾನೇಲಿರೋದು ನಮ್ಮ ಕೆರೆ ಏರಿ ಗಟ್ಟಿ ಮಾಡೋಕೆ, ಆಳುಗಳ ಸಂಬಳಕ್ಕೆ ಸರಿಹೋಗುತ್ತೆ” ಅಂದ.

ಮಾದರಸ ನಕ್ಕ. “ದೊರೆಗಳೇ, ಅದಕ್ಕೇ ಯೋಚನೆಯೇ? ನಾನಿಲ್ಲವೇ? ಹತ್ತು ಚೀಲ ಚಿನ್ನ ಸಾಲ ಕೊಡ್ತೀನಿ. ನೀವು ಅದನ್ನ ಮುಳ್ಳುಗುಡ್ಡಕ್ಕೆ ದಾನ ಕೊಡಿ. ಹೆಸರು ನಿಮ್ಮದೇ ಇರಲಿ. ದಾನಶೂರ ಬಸವಂತ ಅಂತ ಮೂರು ಸೀಮೆಯಲ್ಲೂ ಸಾರಿಸ್ತೀನಿ.”

“ಅಡವು?”

“ಏನೂ ಬೇಡ. ಸುಮ್ಮನೆ ಹೆಸರಿಗೆ ಕಡವು ಇರಲಿ. ಸಾಲ ತೀರೋ ತನಕ ಕಡವಿನ ದುಡ್ಡು ನನ್ನ ಜನ ಎತ್ತಲಿ, ಅದೇ ಬಡ್ಡಿ.”

ದಾನಶೂರ. ಆ ಮಾತು ದೊರೆಯ ಕಿವಿಗೆ ಬಿದ್ದದ್ದೇ ತಡ, ಮುದ್ರೆ ಬಿತ್ತು.

ಸಂಜೆ ಚಂದವ್ವ ಕೇಳಿದಳು. “ಕೊಡೋದು ಒಳ್ಳೇದೇ. ಆದರೆ ನಮ್ಮ ಹತ್ತಿರ ಇದ್ದದ್ದರಲ್ಲಿ ಕೊಟ್ಟರೆ ಸಾಲದಾ?”

“ಇದ್ದದ್ದು ಒಂದು ಚೀಲ. ಒಂದು ಚೀಲ ಕೊಟ್ಟರೆ ಯಾರು ಹೆಸರು ಹೇಳ್ತಾರೆ ಚಂದವ್ವ?”

ಚಿನ್ನ ಬಂತು. ಒಂದು ದಿನ ಅರಮನೆಯಲ್ಲಿತ್ತು. ಮಾರನೆಯ ದಿನ ತಮಟೆ, ಕಹಳೆ, ಬಾವುಟದ ಜೊತೆ ಹೊಳೆ ದಾಟಿ ಮುಳ್ಳುಗುಡ್ಡಕ್ಕೆ ಹೋಯ್ತು. ದಾನ ಹತ್ತು ಚೀಲ. ಅದರ ಮೆರವಣಿಗೆಗೆ, ಹೂವಿನ ಕಮಾನಿಗೆ, ಊಟಕ್ಕೆ ಕೆಂದಾವರೆಯ ಖಜಾನೆಯಲ್ಲಿದ್ದ ಒಂದು ಚೀಲವೂ ಖಾಲಿ. ಆ ವರ್ಷ ಕೆರೆ ಏರಿ ದುರಸ್ತಿ ನಿಂತಿತು.

ಮುಂದಿನ ಬೇಸಿಗೆಗೆ ಮಾದರಸನೇ ಬಂದ. “ಮುಳ್ಳುಗುಡ್ಡದ ಕಂದಕಕ್ಕೆ ಸೇತುವೆ ಬೇಕಂತೆ ದೊರೆಗಳೇ. ಅವರು ಬಾಯಿಬಿಟ್ಟು ಕೇಳಲ್ಲ, ಸಂಕೋಚದವರು. ಇನ್ನೊಂದು ಹತ್ತು ಚೀಲ ಕೊಟ್ಟರೆ ಕರುಣಾಸಾಗರ ಅಂತ ಜನ ಕೂಗ್ತಾರೆ.” ಈ ಸಲ ಅಡವಾಗಿ ಹೋದದ್ದು ಹತ್ತಿ ಸಂತೆ.

ಸಂತೆಯ ಬಾಗಿಲಲ್ಲಿ ಮಾದರಸನ ಆಳು ಕೂತ. ಒಂದಿದ್ದ ಸುಂಕ ಎರಡಾಯ್ತು. ಕಡವಿನಲ್ಲೂ ಹಾಗೇ. ಅಲ್ಲಿ ದೋಣಿ ನಡೆಸೋಳು ಅಂಬಿಗರ ತಿಪ್ಪವ್ವ. ಅವಳ ಗಂಡ ಹೋದ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಮೊದಲು ಹೊಳೆ ದಾಟೋರಿಂದ ಒಂದು ಕಾಸು ತಗೊಂಡು ಅರ್ಧ ದೊರೆಗೆ, ಅರ್ಧ ತನಗೆ. ಈಗ ಎರಡು ಕಾಸು ತಗೊಂಡು ಎರಡೂ ಮಾದರಸನ ಆಳಿಗೆ. ಅವಳಿಗೆ ಹಿಡಿ ರಾಗಿ.

ಎರಡನೆಯ ಸಲದ ಚಿನ್ನ ಬಂದಾಗ ಖಜಾನೆಗೆ ಸುಣ್ಣ ಬಳೀತಿದ್ದರು, ಕರುಣಾಸಾಗರನ ಉತ್ಸವ ನೋಡಿ. ಗೋಡೆ ಹಸಿ ಇತ್ತು. ಹಾಗಾಗಿ ಚೀಲಗಳನ್ನ ಅಡುಗೆಮನೆಯ ಉಗ್ರಾಣದಲ್ಲಿ ಇಟ್ಟರು. ಹಬ್ಬದ ಗಡಿಬಿಡಿಯಲ್ಲಿ ಅಡುಗೆಯೋನು ಮೇಲಿನ ನಾಗಂದಿಗೆಗೆ ಕೈ ಹಾಕಿದ. ಇಂಗು ನೆನೆಹಾಕಿದ್ದ ಕುಡಿಕೆ ಉರುಳಿತು. ಗಟ್ಟಿ ಇಂಗು, ಬೆಟ್ಟದಾಚೆಯಿಂದ ತರಿಸಿದ್ದು. ಒಂದು ಚೀಲದ ಮೇಲೆ ಅಷ್ಟೂ ಸುರಿದುಹೋಯ್ತು. ಸಾಲದು ಅಂತ ಅದೇ ಚೀಲದ ಮೂಲೆಯನ್ನ ಇಲಿ ಕಡಿದಿತ್ತು. ಚಂದವ್ವ ತಾನೇ ಕೂತು ಹಸಿರು ದಾರದಲ್ಲಿ ಹೊಲಿದಳು. ಮೂಗು ಮುಚ್ಚಿಕೊಂಡೇ ಹೊಲಿದಳು ಅನ್ನಿ. ಆ ಚೀಲವೂ ಉಳಿದ ಒಂಬತ್ತರ ಜೊತೆ ಮುಳ್ಳುಗುಡ್ಡಕ್ಕೆ ಹೋಯ್ತು.

ಮೂರನೆಯ ವರ್ಷ. ಮಳೆಗಾಲ ಮುಗೀತಾ ಬಂದಿತ್ತು. ಮಾದರಸ ಮತ್ತೆ ಬಂದ. “ಮುಳ್ಳುಗುಡ್ಡದ ರೋಗಿಗಳಿಗೆ ಒಂದು ವೈದ್ಯಶಾಲೆ. ಇದೊಂದು ಆದರೆ ನೀವು ಭೂಲೋಕದ ಕಲ್ಪವೃಕ್ಷ.” ಈ ಸಲ ಅಡವು ದೊಡ್ಡ ಕೆರೆಯ ತೂಬು. ಜೊತೆಗೆ ಒಂದು ಸಣ್ಣ ಮಾತು ಸೇರಿಸಿದ. ಮೂರೂ ಸಾಲ ಸೀಗೆ ಹುಣ್ಣಿಮೆಯೊಳಗೆ ತೀರಬೇಕು. ತೀರದಿದ್ದರೆ ಕಡವು, ಸಂತೆ, ತೂಬು ಸುವರ್ಣಪಟ್ಟಣಕ್ಕೆ ಸೇರಿದ್ದು, ಎಂದೆಂದಿಗೂ.

“ಇದೇನಿದು?” ಅಂದ ದೊರೆ.

“ಬರೀ ಶಾಸ್ತ್ರಕ್ಕೆ. ನಿಮ್ಮಂಥೋರನ್ನ ಗಡುವು ಕೇಳೋರು ಯಾರು?” ಅಂದ ಮಾದರಸ. ಮುದ್ರೆ ಬಿತ್ತು.

ಚೀಲಗಳು ಬಂದು ಅಂಗಳದಲ್ಲಿ ಇಳಿದವು. ಚಂದವ್ವ ಅತ್ತ ಹಾದು ಹೋಗ್ತಿದ್ದಳು. ಹೋಗ್ತಿದ್ದೋಳು ನಿಂತಳು. ಮೂಗು ಅರಳಿತು. ಇಂಗು!

ಒಂದು ಚೀಲ ಮುಟ್ಟಿದಳು, ಇಲ್ಲ. ಎರಡನೆಯದು ಮುಟ್ಟಿದಳು, ಇಲ್ಲ. ಮೂರನೆಯದರ ಹತ್ತಿರ ಬಗ್ಗಿದಳು. ಘಮ್ ಅಂತ ಬಂತು. ಕಂದು ಕಲೆ ಹಾಗೇ ಇತ್ತು. ಮೂಲೆ ತಿರುಗಿಸಿ ನೋಡಿದಳು. ತನ್ನದೇ ಹೊಲಿಗೆ, ತನ್ನದೇ ಹಸಿರು ದಾರ.

ನೇರ ದೊರೆಯ ಹತ್ತಿರ ಹೋದಳು. “ಹೋದ ವರ್ಷ ನಾವು ದಾನ ಕೊಟ್ಟ ಚೀಲ ಈ ವರ್ಷ ಸಾಲವಾಗಿ ನಮ್ಮ ಮನೆಗೇ ಬಂದಿದೆ. ಒಂದೇ ಚಿನ್ನಕ್ಕೆ ನಾವು ಮತ್ತೆ ಮತ್ತೆ ಸಾಲಗಾರರಾಗ್ತಿದ್ದೀವಿ.”

ದೊರೆ ಮುಖ ಕಪ್ಪಾಯ್ತು. “ಯಾವುದೋ ಹಳೇ ಚೀಲ ಇರಬೇಕು. ಮುಳ್ಳುಗುಡ್ಡದಲ್ಲಿ ಕೆರೆ ಆಗಿದೆ, ಸೇತುವೆ ಆಗಿದೆ ಅಂತ ಮಾದರಸನೇ ಹೇಳಿದ್ದಾನಲ್ಲ?”

“ನೀವು ನೋಡಿದಿರಾ?”

“ಕೊಟ್ಟ ಮೇಲೆ ಹೋಗಿ ಲೆಕ್ಕ ಕೇಳಿದರೆ ಕೊಟ್ಟೋರಿಗೆ ಮರ್ಯಾದೆಯೇ?”

ಚಂದವ್ವ ವಾದ ಮಾಡಲಿಲ್ಲ. “ಹಾಗಾದರೆ ಈ ಸಲ ದಾನದ ಜೊತೆ ನಾನೂ ಹೋಗ್ತೀನಿ. ಸೇತುವೆಗೆ ಅರಿಶಿನ ಕುಂಕುಮ ಇಟ್ಟು, ಕೆರೆಗೆ ಬಾಗಿನ ಬಿಟ್ಟು ಬರ್ತೀನಿ” ಅಂದಳು. ಅದಕ್ಕೆ ದೊರೆ ಬೇಡ ಅನ್ನೋಕಾಗಲಿಲ್ಲ.

ಮಾದರಸನಿಗೆ ಇದು ಗೊತ್ತಾಗಬಾರದಲ್ಲ. ಚಂದವ್ವ ಮೆರವಣಿಗೆಯ ಜೊತೆ ಹೋಗಲಿಲ್ಲ. ಅದು ಹೊಳೆ ದಾಟಿ ಮರೆಯಾದ ಮೇಲೆ, ಸಾದಾ ಸೀರೆ ಉಟ್ಟು, ಒಂದು ಬುತ್ತಿ ಕಟ್ಟಿಕೊಂಡು ಕಡವಿಗೆ ಬಂದಳು.

ತಿಪ್ಪವ್ವ ಗುರುತು ಹಿಡಿದಳು. “ಅವ್ವಾ, ನೀವು ಒಬ್ಬರೇ?”

“ನೀನೂ ಬಂದರೆ ಇಬ್ಬರು. ಬರ್ತೀಯಾ ತಿಪ್ಪವ್ವ? ಚಿನ್ನದ ಹಿಂದೆ ಹೋಗಬೇಕು.”

ತಿಪ್ಪವ್ವ ಹುಟ್ಟು ಎತ್ತಿಕೊಂಡಳು. “ನನ್ನ ಎರಡು ಕಾಸು ಎಲ್ಲಿಗೆ ಹೋಗುತ್ತೆ ಅಂತ ನನಗೂ ನೋಡಬೇಕು” ಅಂದಳು.

ಇಬ್ಬರೂ ಹೊಳೆ ದಾಟಿದರು, ಗುಡ್ಡ ಹತ್ತಿದರು. ಮುಂದೆ ತಮಟೆ ಸದ್ದು, ಹಿಂದೆ ಇವರು. ಮುಳ್ಳುಗುಡ್ಡ ಮುಟ್ಟಿದಾಗ ಚಾವಡಿಯಲ್ಲಿ ಹಾರ ತುರಾಯಿ ನಡೀತಿತ್ತು. ಕಲ್ಪವೃಕ್ಷಕ್ಕೆ ಜಯವಾಗಲಿ ಅಂತ ಕೂಗಾಯ್ತು. ಚಂದವ್ವ ಜನರ ಮಧ್ಯೆ ನುಗ್ಗಲಿಲ್ಲ. ಒಬ್ಬಳು ಮುದುಕಿಯನ್ನ ಕೇಳಿದಳು.

“ಅಜ್ಜೀ, ಕೆರೆ ಎಲ್ಲಿ?”

“ಕೆರೆಯಾ? ಎರಡು ಗುಡ್ಡ ದಾಟಿದರೆ ಒಂದು ಹೊಂಡ ಇದೆ ಮಗಾ.”

“ಸೇತುವೆ?”

“ಕಂದಕಕ್ಕೆ ಹಗ್ಗ ಕಟ್ಟಿದ್ದಾರೆ. ಹಿಡ್ಕೊಂಡು ಇಳೀಬೇಕು.”

“ಮತ್ತೆ ಈ ಚಿನ್ನ?”

“ಅದು ಇವತ್ತೊಂದಿನ ಇರುತ್ತೆ. ನೆಂಟರ ಹಾಗೆ” ಅಂದಳು ಅಜ್ಜಿ, ತಮಾಷೆಯಲ್ಲ, ನಿಜವಾಗಿಯೇ.

ಮಾರನೆಯ ದಿನ ಹೊತ್ತು ಮೂಡಿತ್ತಷ್ಟೆ. ಚಾವಡಿಯ ಹಿಂಬಾಗಿಲು ತೆರೆಯಿತು. ಗಾಡಿ ಹೊರಬಂತು. ತಮಟೆ ಇಲ್ಲ, ಕಹಳೆ ಇಲ್ಲ. ಹತ್ತು ಚೀಲ. ಗಾಡಿ ಹೊಡೆಯೋನ ಪಕ್ಕದಲ್ಲಿ ಮಾದರಸನ ಆಳು. ಚಂದವ್ವ ಮತ್ತು ತಿಪ್ಪವ್ವ ಕಳ್ಳಿಬೇಲಿಯ ಮರೆಯಲ್ಲಿ ಓಡಿದರು. ಗಾಡಿ ತಿರುವಿನಲ್ಲಿ ತಿರುಗಿತು, ಇವರೂ ತಿರುಗಿದರು. ಗಾಡಿ ಹಳ್ಳ ಇಳೀತು, ಇವರೂ ಇಳಿದರು. ಗಾಡಿ ದಿಬ್ಬ ಏರಿತು, ಇವರು ಏದುಸಿರು ಬಿಡ್ತಾ ಏರಿದರು. ದಿಬ್ಬದ ತುದಿಯಿಂದ ನೋಡಿದರೆ ಗಾಡಿ ಸುವರ್ಣಪಟ್ಟಣದ ಕೋಟೆ ಬಾಗಿಲೊಳಗೆ ಹೋಯ್ತು. ಬಾಗಿಲು ಮುಚ್ಚಿತು.

ತಿಪ್ಪವ್ವ ಸೆರಗಿಂದ ಮುಖ ಒರೆಸಿಕೊಂಡಳು. “ಒಂದು ಸುತ್ತು ಆಯ್ತಲ್ಲ ಅವ್ವಾ. ದೋಣಿ ಹೊರಟ ಕಡೆಗೇ ಬಂದಂಗೆ.”

ಚಂದವ್ವ ಹಿಂದಿರುಗಿ ಓಬಳ ನಾಯಕನ ಚಾವಡಿಗೆ ಬಂದಳು. ಈಗ ತಾನು ಯಾರು ಅಂತ ಹೇಳಿದಳು. ಮುದುಕ ಗಾಬರಿಯಿಂದ ಎದ್ದು ನಿಂತ.

“ನಾಯಕರೇ, ನಿಮ್ಮನ್ನ ಬೈಯೋಕೆ ಬಂದಿಲ್ಲ. ನಾವು ಕೊಟ್ಟ ಚಿನ್ನ ಅಲ್ಲಿಗೆ ಯಾಕೆ ಹೋಯ್ತು, ಹೇಳಿ.”

“ತಾಯಿ, ನಿಮ್ಮ ದೊರೆಗಳ ಇಷ್ಟ ಅದೇ ಅಂತ ಭಂಡಾರಿ ಹೇಳಿದ. ಕೆಲಸ ಅವನೇ ಮಾಡಿಸಬೇಕು, ಚಿನ್ನ ಅವನ ಕೈಗೇ ಕೊಡಬೇಕು ಅಂತ. ಕೊಟ್ಟೆ. ಕೆರೆ ಎಲ್ಲಪ್ಪಾ ಅಂದರೆ ಮಳೆ ನಿಲ್ಲಲಿ ಅಂದ. ಸೇತುವೆ ಎಲ್ಲಪ್ಪಾ ಅಂದರೆ ಕಲ್ಲು ಬರಲಿ ಅಂದ. ವೈದ್ಯಶಾಲೆ ಎಂದಿಗಪ್ಪಾ ಅಂದರೆ ಕೆಲಸದೋರು ಸಿಗಲಿ ಅಂದ.”

“ನಮಗೆ ಒಂದು ಮಾತು ಹೇಳಿಕಳಿಸಬಹುದಿತ್ತಲ್ಲ?”

ನಾಯಕ ತಲೆ ತಗ್ಗಿಸಿದ. “ಕೈ ಚಾಚಿ ಇಸ್ಕೊಂಡೋರು ಬಾಯಿಬಿಟ್ಟು ಹೇಗೆ ಕೇಳೋದು ತಾಯಿ? ನಾಚಿಕೆ ಆಯ್ತು.”

ಚಂದವ್ವಗೆ ಆಗ ಎಲ್ಲ ತಿಳಿಯಾಯ್ತು. ಕೊಟ್ಟೋನು ಹೆಮ್ಮೆಯಿಂದ ಕೇಳಲಿಲ್ಲ. ಇಸ್ಕೊಂಡೋನು ನಾಚಿಕೆಯಿಂದ ಹೇಳಲಿಲ್ಲ. ಆ ಇಬ್ಬರ ಮೌನದ ನಡುವೆ ಮಾದರಸ ಹಾಯಾಗಿ ಗಾಡಿ ಓಡಿಸ್ತಿದ್ದ. ಅವಳು ನಾಯಕನ ಹತ್ತಿರ ಕೂತು ಮೆಲ್ಲಗೆ ಮಾತಾಡಿದಳು. ಮುದುಕ ಕೇಳ್ತಾ ಕೇಳ್ತಾ ಬೆನ್ನು ನೆಟ್ಟಗೆ ಮಾಡಿದ. “ಸೀಗೆ ಹುಣ್ಣಿಮೆಗೆ ನಾನೇ ಬರ್ತೀನಿ. ನನ್ನ ಜನರನ್ನೂ ಕರಕೊಂಡು ಬರ್ತೀನಿ” ಅಂದ.

ಚಂದವ್ವ ಅರಮನೆಗೆ ಬಂದು ಕಂಡದ್ದನ್ನ ಕಂಡ ಹಾಗೆ ಹೇಳಿದಳು. ದೊರೆ ಬಸವಂತ ಕೇಳಿದ. “ಎರಡು ಗುಡ್ಡ ದಾಟಿ ನೀರು ತರ್ತಾನೇ ಇದಾರಾ ಇನ್ನೂ?”

“ಇನ್ನೂ.”

“ನಾನು ಅವರ ಹೆಸರಲ್ಲಿ ಮೂರು ಬಿರುದು ಹಾಕ್ಕೊಂಡೆ” ಅಂದ ದೊರೆ. ಅವನ ದನಿ ಸಣ್ಣದಾಗಿತ್ತು. “ಈಗ ಏನು ಮಾಡೋಣ ಚಂದವ್ವ? ಕೊಡೋಕೆ ನನ್ನ ಹತ್ತಿರ ಒಂದು ಚೀಲವೂ ಇಲ್ಲ.”

“ಚೀಲ ಬೇಡ. ಹುಣ್ಣಿಮೆ ದಿನ ನಾನು ಮಾತಾಡುವಾಗ ನೀವು ನಾಚಿಕೊಳ್ಳದೆ ಕೂತಿರಿ. ಅಷ್ಟು ಸಾಕು.”

ಸೀಗೆ ಹುಣ್ಣಿಮೆ ಬಂತು. ಗದ್ದೆಯಲ್ಲಿ ಭತ್ತದ ತೆನೆ ಹಾಲು ಕಟ್ಟೋ ಹೊತ್ತು. ಇಂಥ ಹೊತ್ತಲ್ಲಿ ತೂಬು ಮುಚ್ಚಿದರೆ ಇಡೀ ರಾಜ್ಯದ ಅನ್ನ ಜೊಳ್ಳು. ಅದು ಮಾದರಸನಿಗೂ ಗೊತ್ತು. ಅದಕ್ಕೇ ಆ ದಿನ ಆರಿಸಿದ್ದ. ಬೆಳಗ್ಗೆಯೇ ಬಂದುಬಿಟ್ಟ. ಹಿಂದೆ ಕತ್ತಿ ಹಿಡಿದ ಆಳುಗಳು. ಪಕ್ಕದಲ್ಲಿ ಸುವರ್ಣಪಟ್ಟಣದ ದೊಡ್ಡ ವ್ಯಾಪಾರಿಗಳು, ಆಸ್ತಿ ಕೈ ಬದಲಾಗೋದಕ್ಕೆ ಸಾಕ್ಷಿ ಇರಲಿ ಅಂತ ಅವನೇ ಕರೆತಂದಿದ್ದ. ಅವರಲ್ಲಿ ಹಿರಿಯ ಮುದ್ದಣ್ಣ ಸಾಹುಕಾರ. ಬಿಳಿ ಹುಬ್ಬಿನ ಮನುಷ್ಯ. ಅವನು ಒಂದು ಮಾತು ‘ಇವನು ನಂಬಿಕಸ್ಥ ಅಲ್ಲ’ ಅಂದರೆ ಯಾವ ಊರಿನ ಸಂತೆಯಲ್ಲೂ ಆ ಮನುಷ್ಯನಿಗೆ ಒಂದು ಗೋಣಿ ಉಪ್ಪು ಹುಟ್ಟುತ್ತಿರಲಿಲ್ಲ.

ಕೆರೆ ಏರಿಯ ಮೇಲೆ ಕೆಂದಾವರೆಯ ಜನ ಎಲ್ಲ ಸೇರಿದ್ದರು. ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು.

ಮಾದರಸ ಸಾಲದ ಪತ್ರ ಹಿಡಿದು ಎತ್ತರದ ದನಿಯಲ್ಲಿ ಹೇಳಿದ. “ದೊರೆಗಳೇ, ಮೂರು ಸಲ ಸಾಲ. ಒಟ್ಟು ಮೂವತ್ತು ಚೀಲ. ಕೊಡ್ತೀರೋ, ತೂಬಿನ ಕೀಲಿ ಕೊಡ್ತೀರೋ?”

ಚಂದವ್ವ ಎದ್ದು ನಿಂತಳು. “ಕೊಡೋದು ಕೊಡೋಣ. ಅದಕ್ಕೆ ಮುಂಚೆ ಮೂರು ಮಾತು ಕೇಳ್ತೀನಿ. ನಿಮ್ಮ ಹಿರಿಯರ ಎದುರಿಗೇ ಉತ್ತರ ಹೇಳಿ.”

“ಕೇಳಿ ತಾಯಿ” ಅಂದ ಮಾದರಸ, ಮೀಸೆ ತಿರುವಿ.

“ಮೊದಲನೆಯದು. ಮೂರು ಸಲವೂ ನೀವು ಕೊಟ್ಟದ್ದು ನಿಮ್ಮ ಸ್ವಂತ ಖಜಾನೆಯ ಬೇರೆ ಬೇರೆ ಚಿನ್ನವೇ?”

“ಮತ್ತಿನ್ಯಾರ ಚಿನ್ನ? ಮೂರು ಸಲವೂ ಬೇರೆ ಬೇರೆ. ನನ್ನ ಖಜಾನೆಯಲ್ಲಿ ಚಿನ್ನಕ್ಕೆ ಬರವೇ?”

“ಸರಿ. ಎರಡನೆಯದು. ಎರಡನೆಯ ಸಲದ ಒಂದು ಚೀಲಕ್ಕೆ ನಮ್ಮ ಉಗ್ರಾಣದಲ್ಲಿ ಇಂಗು ಚೆಲ್ಲಿತು. ನಾನೇ ಹಸಿರು ದಾರದಲ್ಲಿ ಹೊಲಿದೆ. ಅದು ಮುಳ್ಳುಗುಡ್ಡಕ್ಕೆ ದಾನ ಹೋಯ್ತು. ಅದೇ ಚೀಲ ಮೂರನೆಯ ಸಲ ನಿಮ್ಮ ಸಾಲದಲ್ಲಿ ನಮ್ಮ ಅಂಗಳಕ್ಕೆ ಬಂತು. ಇಳಿಸಿದೋರು ಇಲ್ಲೇ ಇದಾರೆ, ಅಡುಗೆಯೋನೂ ಇದಾನೆ. ಆಮೇಲೆ ಅದು ಮತ್ತೆ ನಿಮ್ಮ ಕೋಟೆಯೊಳಗೆ ಹೋದದ್ದನ್ನ ನಾನೂ ತಿಪ್ಪವ್ವನೂ ಕಣ್ಣಾರೆ ನೋಡಿದ್ದೀವಿ. ಮುದ್ದಣ್ಣನವರೇ, ನಿಮ್ಮ ಊರಿನ ಖಜಾನೆ. ಆಳು ಕಳಿಸಿ ಮೂಸಿ ನೋಡಿಸಿದರೂ ಆಯ್ತು.”

ಜನರಲ್ಲಿ ಗುಸುಗುಸು ಎದ್ದಿತು. ಮಾದರಸನ ಕೈ ಮೀಸೆಯಿಂದ ಇಳಿಯಿತು. ಅವನು ಗಡಬಡಿಸಿದ. “ಇರಬಹುದು. ಚಿನ್ನ ಓಡಾಡುತ್ತೆ. ಯಾರ ಕೈಯಿಂದಲೋ ಬಂದಿರಬಹುದು.”

“ಯಾರ ಕೈಯಿಂದ ಬಂತು? ಇದೇ ಮೂರನೆಯ ಮಾತು. ಮುಳ್ಳುಗುಡ್ಡದ ನಾಯಕರು ನಿಮಗೆ ಕೊಟ್ಟರೋ ಇಲ್ಲವೋ?”

ಮಾದರಸ ಆಚೆ ನೋಡಿದ, ಈಚೆ ನೋಡಿದ. ಇಲ್ಲ ಅಂದರೆ ಮುಳ್ಳುಗುಡ್ಡದಿಂದ ಕದ್ದ ಹಾಗೆ. ಹೌದು ಅಂದರೆ ಯಾಕೆ ಕೊಟ್ಟರು ಅಂತ ಹೇಳಬೇಕು. ಏರಿಯ ಆ ತುದಿಯಿಂದ ಆಗಲೇ ಓಬಳ ನಾಯಕ ಕೋಲೂರಿಕೊಂಡು ಬರ್ತಿದ್ದ. ಹಿಂದೆ ಮುಳ್ಳುಗುಡ್ಡದ ಗಂಡಸರು, ಹೆಂಗಸರು. ತಿಪ್ಪವ್ವ ಬೆಳಗಿನಿಂದ ದೋಣಿ ಹಾಕಿ ಹಾಕಿ ಅಷ್ಟೂ ಜನರನ್ನ ದಾಟಿಸಿದ್ದಳು. ಮಾದರಸನ ಆಳು ಕಾಸು ಕೇಳಿದ್ದಕ್ಕೆ ಅವನನ್ನ ಆಚೆ ದಡದಲ್ಲೇ ಬಿಟ್ಟು ಬಂದಿದ್ದಳು.

ಮುದ್ದಣ್ಣ ಸಾಹುಕಾರ ಗಂಟಲು ಸರಿಮಾಡಿಕೊಂಡ. “ಭಂಡಾರಿ, ಉತ್ತರ ಹೇಳು.”

“ಕೊಟ್ಟರು” ಅಂದ ಮಾದರಸ. “ಕೆಲಸ ಮಾಡಿಸೋಕೆ ಕೊಟ್ಟರು.”

“ಎಷ್ಟು?”

“ಮೂವತ್ತು ಚೀಲ” ಅಂತ ಉತ್ತರ ಬಂದದ್ದು ಓಬಳ ನಾಯಕನಿಂದ. ಮುದುಕ ಮುಂದೆ ಬಂದು ನಿಂತ. “ಕೆರೆಗೆ ಹತ್ತು, ಸೇತುವೆಗೆ ಹತ್ತು, ವೈದ್ಯಶಾಲೆಗೆ ಹತ್ತು. ಕೆರೆ ಇಲ್ಲ, ಸೇತುವೆ ಇಲ್ಲ, ವೈದ್ಯಶಾಲೆ ಇಲ್ಲ. ನಾನು ಮೂರು ವರ್ಷ ನಾಚಿಕೊಂಡು ಸುಮ್ಮನಿದ್ದೆ. ಇವತ್ತು ಸುಮ್ಮನಿರಲ್ಲ.”

“ಕೆಲಸ ಶುರು ಮಾಡ್ತೀನಿ, ನಾಳೆಯೇ” ಅಂದ ಮಾದರಸ.

“ನಾವು ಕಾದದ್ದು ಸಾಕು. ಕೆಲಸ ಬೇಡ, ಚಿನ್ನ ವಾಪಸ್ ಕೊಡು. ಮತ್ತೆ ಕೇಳಿ ಹಿರಿಯರೇ, ನನಗೆ ಬರಬೇಕಾದ ಆ ಮೂವತ್ತು ಚೀಲವನ್ನ ನಾನು ಬಸವಂತ ದೊರೆಗೆ ವಹಿಸಿಕೊಟ್ಟಿದ್ದೀನಿ. ಅವರೇ ವಸೂಲು ಮಾಡಿಕೊಳ್ಳಲಿ.”

ಚಂದವ್ವ ಮಾದರಸನ ಕಡೆ ತಿರುಗಿದಳು. “ನಾವು ನಿಮಗೆ ಕೊಡಬೇಕಾದ್ದು ಮೂವತ್ತು. ನೀವು ನಮಗೆ ಕೊಡಬೇಕಾದ್ದು ಮೂವತ್ತು. ಎಲ್ಲರೆದುರಿಗೆ ಹೇಳಿ ಭಂಡಾರಿಗಳೇ, ಸಾಲ ತೀರಿತೋ ಇಲ್ಲವೋ?”

ತೂಬಿನ ನೀರು ಗದ್ದೆಗೆ ಹರಿಯೋದು ಕೇಳ್ತಿತ್ತು.

ಮಾದರಸ ಕೊನೆಯದಾಗಿ ಒಂದು ಆಟ ಹೂಡಿದ. “ಅಸಲು ಹೋಯ್ತು ಅನ್ನಿ. ಬಡ್ಡಿ? ಬಡ್ಡಿ ಬಾಕಿ ಇದೆ.”

ಮುದ್ದಣ್ಣ ಸಾಹುಕಾರ ಬಿಳಿ ಹುಬ್ಬು ಎತ್ತಿ ನೋಡಿದ. “ಬಡ್ಡಿ ಅಂತ ಕಡವಿನ ದುಡ್ಡು, ಸಂತೆಯ ಸುಂಕ ಎತ್ತಿದೆಯಲ್ಲ? ನಾಯಕರ ಚಿನ್ನ ನಿನ್ನ ಹತ್ತಿರ ಇದ್ದಷ್ಟು ದಿನಕ್ಕೆ ನೀನು ಅವರಿಗೆ ಎಷ್ಟು ಬಡ್ಡಿ ಕೊಟ್ಟೆ? ಅದೂ ಲೆಕ್ಕ ಹಾಕೋಣವಾ?”

ಮಾದರಸ ತನ್ನ ಕತ್ತಿ ಹಿಡಿದ ಆಳುಗಳ ಕಡೆ ನೋಡಿದ. ಅವರು ಸುತ್ತ ನಿಂತಿದ್ದ ಎರಡು ಸೀಮೆಯ ಜನರನ್ನ ನೋಡಿ ಕತ್ತಿಗಳನ್ನ ಒರೆಗೆ ಸೇರಿಸಿದ್ದರು. “ತೀರಿತು” ಅಂದ ಮಾದರಸ, ನೆಲ ನೋಡಿಕೊಂಡು.

“ಜೋರಾಗಿ” ಅಂದಳು ತಿಪ್ಪವ್ವ ಹಿಂದಿನಿಂದ.

“ತೀರಿತು.”

ಸಾಲದ ಪತ್ರಗಳನ್ನ ಮುದ್ದಣ್ಣನೇ ಇಸ್ಕೊಂಡು ಹರಿದ. ಜನ ಹೋ ಅಂತ ಕೂಗಿದ್ದು ಹೊಳೆಯಾಚೆಗೆ ಕೇಳಿತಂತೆ. ಯಾರೋ ಸೀಗೆ ಹುಣ್ಣಿಮೆಗೆ ಭೂಮಿತಾಯಿಗೆ ಅಂತ ಮಾಡಿದ ಚರಗದ ಅನ್ನವನ್ನ ಗದ್ದೆಗೆ ಎರಚಿದರು, ಯಾರೋ ಗೊತ್ತಿಲ್ಲದೋರನ್ನ ತಬ್ಬಿಕೊಂಡರು, ಮುಳ್ಳುಗುಡ್ಡದ ಹೆಂಗಸರು ಕೆರೆಗೆ ಇಳಿದು ಮೊಣಕಾಲುದ್ದ ನೀರಲ್ಲಿ ನಗ್ತಾ ನಿಂತರು. ಸುವರ್ಣಪಟ್ಟಣದ ವ್ಯಾಪಾರಿಗಳು ಮಾದರಸನ ಸೊಂಟದಿಂದ ಖಜಾನೆಯ ಕೀಲಿ ಬಿಚ್ಚಿಕೊಂಡರು. ಅವನು ಯಾವ ಕಡೆಗೆ ಹೋದ ಅಂತ ಯಾರೂ ನೋಡಲಿಲ್ಲ, ನೋಡೋಕೆ ಯಾರಿಗೂ ಬಿಡುವಿರಲಿಲ್ಲ.

ಆ ಗದ್ದಲದಲ್ಲಿ ಬಸವಂತ ದೊರೆ ಎದ್ದು ಓಬಳ ನಾಯಕನ ಹತ್ತಿರ ಬಂದ. ಎಲ್ಲರೂ ನೋಡ್ತಿದ್ದರು.

“ನಾಯಕರೇ, ನೀವು ನಿಮ್ಮ ಚಿನ್ನ ಬಿಟ್ಟುಕೊಟ್ಟು ನನ್ನ ಊರು ಉಳಿಸಿದಿರಿ. ನಿಮಗೆ ಇನ್ನೂ ಕೆರೆ ಇಲ್ಲ.”

“ಇಲ್ಲ ದೊರೆ.”

“ನನ್ನ ಹತ್ತಿರ ಹತ್ತು ಚೀಲ ಇಲ್ಲ. ಇನ್ನು ಸಾಲ ತಂದು ಕೊಡೋದೂ ಇಲ್ಲ. ಕೊಯ್ಲು ಮುಗಿದ ಮೇಲೆ ನನ್ನ ಜನರನ್ನ ಕರಕೊಂಡು ನಾನೇ ಬರ್ತೀನಿ. ನಮ್ಮ ಕೆರೆ ಕಟ್ಟಿದ ಒಡ್ಡರು ಇದಾರೆ, ಕಲ್ಲು ಒಡೆಯೋರು ಇದಾರೆ. ಅವರ ಕೂಲಿ, ಊಟ ನಮ್ಮ ಸುಂಕದ ದುಡ್ಡಲ್ಲಿ ಎಷ್ಟಾಗುತ್ತೋ ಅಷ್ಟು. ಒಂದು ವರ್ಷಕ್ಕೆ ಆಗದಿದ್ದರೆ ಎರಡು ವರ್ಷ. ಆಗಬಹುದಾ?”

“ಮಣ್ಣು ಹೊರೋಕೆ ನಾವೂ ಇದೀವಿ” ಅಂದ ನಾಯಕ. “ಮತ್ತೆ ದೊರೆ, ಒಂದು ಮಾತು. ಈ ಸಲ ಕೆಲಸ ನಿಂತರೆ ನಾನು ಬಂದು ಕೇಳ್ತೀನಿ.”

“ಕೇಳಬೇಕು. ನಾನೂ ಬಂದು ನೋಡ್ತೀನಿ.”

ಕೆರೆ ಒಂದು ವರ್ಷಕ್ಕೆ ಆಗಲಿಲ್ಲ. ಎರಡು ವರ್ಷವೂ ಸಾಲಲಿಲ್ಲ. ನಡುವೆ ಒಂದು ಮಳೆಗೆ ಅರ್ಧ ಏರಿ ಕೊಚ್ಚಿಹೋಯ್ತು, ಮತ್ತೆ ಕಟ್ಟಿದರು. ಆ ವರ್ಷಗಳಲ್ಲಿ ಕೆಂದಾವರೆಯಲ್ಲಿ ಹೂವಿನ ಕಮಾನು ಏಳಲಿಲ್ಲ, ಅರಮನೆಗೆ ಸುಣ್ಣ ಬಳಿಯಲಿಲ್ಲ. ಕಡವಿನ ದರ ಮತ್ತೆ ಒಂದು ಕಾಸಿಗೆ ಇಳೀತು. ಸುಂಕ ಹೆಚ್ಚಾಯ್ತು ಅಂತ ಸಂತೆ ಬಿಟ್ಟುಹೋಗಿದ್ದ ನೇಕಾರರು ತಿರುಗಿ ಬಂದರು. ಎಲ್ಲಿ ಎಷ್ಟು ಖರ್ಚಾಯ್ತು ಅನ್ನೋದನ್ನ ದೊರೆ ಸಂತೆಯ ದಿನ ಜನರ ಮುಂದೆ ನಿಂತು ತಾನೇ ಹೇಳ್ತಿದ್ದ. ಮೊದಮೊದಲು ನಾಲಿಗೆ ತಡವರಿಸ್ತಿತ್ತು. ಬರ್ತಾ ಬರ್ತಾ ಅಭ್ಯಾಸ ಆಯ್ತು. ಯಾರಾದರೂ ಬಿರುದು ಹಿಡಿದು ಕೂಗಿದರೆ ‘ಹೆಸರು ಬಸವಂತ ಅಂತಲೇ ಇರಲಿ’ ಅಂತಿದ್ದ.

ನಾಲ್ಕನೆಯ ಮಳೆಗಾಲದಲ್ಲಿ ಮುಳ್ಳುಗುಡ್ಡದ ಕೆರೆ ತುಂಬಿತು. ಅವತ್ತು ಚಂದವ್ವ ಬಾಗಿನ ಬಿಡೋಕೆ ಹೋದಳು, ಈ ಸಲ ನಿಜವಾದ ಕೆರೆಗೆ. ಆ ಹಳೇ ಅಜ್ಜಿ ಬಂದು ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟಳು. ಬಹಳ ಹೊತ್ತು ಏಳಲೇ ಇಲ್ಲ. ಕರೆದರೆ, “ಕೂತಿರ್ತೀನಿ ಬಿಡು ಮಗಾ, ಈ ನೀರು ಇನ್ನು ಎಲ್ಲಿಗೂ ಹೋಗೋದಿಲ್ಲವಲ್ಲ” ಅಂದಳು.

ಈ ಕಥೆಯ ನೀತಿ ಏನು ಅಂತೀರಾ? ಕೇಳಿ ಹೇಳ್ತೀನಿ. ನೆರೆಯೋರಿಗೆ ಕೊಡೋದು ದೊಡ್ಡ ಗುಣ. ಆದರೆ ತನ್ನ ಜನರ ಅನ್ನ ನೀರು ಅಡವಿಟ್ಟು, ತನ್ನ ಹೆಸರಿಗಾಗಿ ಕೊಡೋದು ದಾನ ಅಲ್ಲ. ಅದರಿಂದ ಕೊಟ್ಟೋನೂ ಬಡವನಾಗ್ತಾನೆ, ಇಸ್ಕೊಂಡೋನೂ ಬಡವನಾಗೇ ಉಳೀತಾನೆ, ನಡುವೆ ಇರೋನು ಕೊಬ್ಬುತ್ತಾನೆ. ರಾಜ್ಯದ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಹೋಗಿ ಏನಾಯ್ತು ಅಂತ ಕೊಟ್ಟೋರೂ ಕೇಳಬೇಕು, ಇಸ್ಕೊಂಡೋರೂ ಹೇಳಬೇಕು. ಹೀಗೆ ಕೇಳೋದರಲ್ಲಿ ಅವಮಾನ ಇಲ್ಲ, ಹೇಳೋದರಲ್ಲಿ ನಾಚಿಕೆ ಇಲ್ಲ.

ಕಥೆ ಮುಗೀತು. ಕೇಳಿದೋರು ಎದ್ದು ನೀರು ಕುಡೀರಿ.